ಮನಿ ಬಿಟ್ಟು ಬರಲ್ಲ ಅನ್ನುವ ಮುತ್ಯಾ

ಬೀದರ ಜಿಲ್ಲೆಯ ಭಾಲ್ಕಿ, ಔರಾದ ಕಡೆಯ ಹುಡುಗರು ದುಡಿಯಲು ಹೈದರಾಬಾದಿಗೆ, ಪುಣೆಗೆ ಹೋಗುತ್ತಾರೆ. ಮುತ್ಯಾ, ಆಯಿ ಊರಲ್ಲೇ ಉಳಿಯುತ್ತಾರೆ. ಅವರ ಬಗ್ಗೆ ಕೆಲವು ಮಾತು ಸತ್ಯವೆಂಬಂತೆ ಓಡಾಡುತ್ತವೆ.

“ಊರಾಗ ಬಿಟ್ರ ಕೈ ಬಿಟ್ಟಂಗೇ.”

ಹಾಗೇನಿಲ್ಲ. ಊರಲ್ಲಿ ಕಿರಾಣಿ ಅಂಗಡಿಯವನು ಉದ್ರಿ ಕೊಡುತ್ತಾನೆ. ಮುತ್ಯಾ ಒಂದು ದಿನ ಕಟ್ಟೆಗೆ ಬಾರದಿದ್ದರೆ ಯಾರಾದರೂ ಬಾಗಿಲು ಬಡಿಯುತ್ತಾರೆ. ಶಹರದ ಮೂರನೇ ಮಹಡಿಯ ಖೋಲಿಯಲ್ಲಿ ಮಗ-ಸೊಸೆ ಕೆಲಸಕ್ಕೆ ಹೋದರೆ ಸಂಜೆತನಕ ಗೋಡೆಯೇ ಜೊತೆ. ಆದರೆ ಮರೆವಿನ ಕಾಯಿಲೆ ಬಲಿತಾಗ, ಹಾಸಿಗೆ ಹಿಡಿದಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಆಗ ಹಟ ಹಿಡಿಯುವುದು ಜಾಣತನವಲ್ಲ.

“ಹುಟ್ಟಿ ಬೆಳೆದ ಮನಿ, ಕಣ್ಣು ಮುಚ್ಚಿ ಓಡಾಡ್ತಾರ.”

ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ಎತ್ತರದ ಹೊಸ್ತಿಲು, ಸವೆದ ಕಲ್ಲಿನ ಮೆಟ್ಟಿಲು, ಪಾಚಿಗಟ್ಟಿದ ಬಚ್ಚಲು, ಅಂಗಳದಾಚೆಯ ಸಂಡಾಸ: ನಲವತ್ತರಲ್ಲಿ ಲೆಕ್ಕಕ್ಕೇ ಬಾರದ ಇವು ಎಪ್ಪತ್ತೈದರಲ್ಲಿ ಸೊಂಟ ಮುರಿಯುತ್ತವೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಜನ ಬಿದ್ದು ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರಲ್ಲಿ 60 ದಾಟಿದವರೇ ಹೆಚ್ಚು. ಮನೆ ಕೆಡವಿ ಕಟ್ಟಬೇಕಿಲ್ಲ. ಗವಂಡಿಯನ್ನು ಕರೆಸಿ ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಪೈಪು, ಹೊಸ್ತಿಲಿಗೆ ಒಂದು ಇಳಿಜಾರು ಮಾಡಿಸಿ. ಹಾಸಿಗೆಯಿಂದ ಸಂಡಾಸದವರೆಗೆ ದೀಪ ಇರಲಿ. ಕುಕ್ಕರುಗಾಲಲ್ಲಿ ಕೂರಲಾಗದವರಿಗೆ ಕಮೋಡ್ ಕುರ್ಚಿ ಕೊಡಿಸಿ. ಮಗಳ ಲಗ್ನಕ್ಕೆ ಮಂಟಪ ಹಾಕಿಸುವ ನಾವು ಇದಕ್ಕೆ ಯಾಕೋ ಕೈ ಬಿಗಿ ಹಿಡಿಯುತ್ತೇವೆ.

“ತಿಂಗಳಾ ರೊಕ್ಕ ಕಳಸ್ತೀವಲ್ಲ.”

ರೊಕ್ಕ ಬೇಕು. ಆದರೆ ಮಧ್ಯರಾತ್ರಿ ಎದೆನೋವು ಬಂದರೆ ಔರಾದಿನ ಹಳ್ಳಿಯಿಂದ ಬೀದರಿನ ಬ್ರಿಮ್ಸ್ ದವಾಖಾನೆಗೆ ಒಯ್ಯುವವರು ಯಾರು? 108ಕ್ಕೆ ಫೋನು ಮಾಡುವ, ಗಾಡಿಯಲ್ಲಿ ಜೊತೆಗೆ ಕೂರುವ ನೆರೆಯವರ ಹೆಸರು ಮೊದಲೇ ಗೊತ್ತಿರಬೇಕು.

“ಮನಿ ಮಗನ ಹೆಸರಿಗೆ ಮಾಡಿದ್ರೂ ಚಿಂತಿಲ್ಲ, ನೋಡದಿದ್ರ ಕಾಯ್ದೆ ವಾಪಸ್ ಕೊಡಸ್ತದ.”

ಅರ್ಧ ನಿಜ. 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ದಾನಪತ್ರ ರದ್ದಾಗಬಹುದು. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ. ಆದರೆ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆಯೇ ಆಸ್ತಿ ಕೊಟ್ಟಿರಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 2025ರ ಇನ್ನೊಂದು ತೀರ್ಪಿನಲ್ಲಿ ಅದೇ ಕೋರ್ಟು ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದಿತು. ಅದನ್ನೇ ನೆಚ್ಚಿ ಕೂರದೆ ಷರತ್ತನ್ನು ಪತ್ರದಲ್ಲೇ ಬರೆಸಿ. ಸಾಧ್ಯವಾದರೆ ಬದುಕಿರುವತನಕ ಮನೆ ಹಿರಿಯರ ಹೆಸರಲ್ಲೇ ಇರಲಿ. ಯಾರನ್ನು ಕೇಳುವುದೆಂದು ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ, ಕರೆಗೆ ದುಡ್ಡಿಲ್ಲ.