ಸುಟ್ಟುಹೋದ ಜನಗಣತಿ, ಉಳಿದ ಮದುವೆ ದಾಖಲೆ: ಐರಿಷ್ ಮುತ್ತಜ್ಜಿಯನ್ನು ಹುಡುಕೋದು ಹೇಗೆ?

ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. 1901ರ ಐರ್ಲೆಂಡ್ ಜನಗಣತಿಯಲ್ಲಿ ಒಬ್ಬ ಅಜ್ಜಿಯ ವಯಸ್ಸು 56 ಅಂತ ಇದೆ ಅಂದ್ಕೊಳ್ಳಿ. ಹತ್ತು ವರ್ಷ ಬಿಟ್ಟು 1911ರಲ್ಲಿ ನೋಡಿದ್ರೆ ಅದೇ ಅಜ್ಜಿಗೆ 71! ಇದು ನಾನು ಉದಾಹರಣೆಗೆ ಹೇಳಿದ ಅಜ್ಜಿ. ಆದ್ರೆ ಇಂಥವರು ಆ ದಾಖಲೆಗಳಲ್ಲಿ ನಿಜವಾಗ್ಲೂ ತುಂಬಾ ಜನ ಸಿಗ್ತಾರೆ. ಯಾಕೆ ಹೀಗೆ? ಕೊನೆಯಲ್ಲಿ ಹೇಳ್ತೀನಿ.

1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಐರ್ಲೆಂಡ್‌ನಲ್ಲಿ ಭೀಕರ ಕ್ಷಾಮ ಬಂತು. ಸುಮಾರು 10 ಲಕ್ಷ ಜನ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಅವರ ಮರಿಮಕ್ಕಳು ಇವತ್ತು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಬ್ರಿಟನ್‌ನಲ್ಲಿ ಕೂತು "ನಮ್ಮವರು ಯಾವ ಊರಿನವರು?" ಅಂತ ಹುಡುಕ್ತಾ ಇದ್ದಾರೆ.

ತೊಂದರೆ ಏನಂದ್ರೆ, ದಾಖಲೆಗಳೇ ಬಹುಪಾಲು ಇಲ್ಲ. 1922ರ ಜೂನ್ 30ರಂದು, ಅಂತರ್ಯುದ್ಧದ ಸಮಯದಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸರ್ಕಾರಿ ದಾಖಲೆ ಕಚೇರಿ ಸ್ಫೋಟ ಮತ್ತು ಬೆಂಕಿಗೆ ತುತ್ತಾಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳಲ್ಲಿ ಕೆಲವು ಚೂರುಗಳಷ್ಟೇ ಉಳಿದವು. 1861ರಿಂದ 1891ರವರೆಗಿನವು ಬೆಂಕಿಗೂ ಮೊದಲೇ ಹೋಗಿದ್ದವು. ಅವನ್ನ ನಾಶ ಮಾಡಿದ್ದು ಸರ್ಕಾರವೇ!

ಹಾಗಾದ್ರೆ ಹುಡುಕಾಟ ಎಲ್ಲಿಂದ ಶುರು? ಪೂರ್ತಿಯಾಗಿ ಉಳಿದಿರೋ 1901 ಮತ್ತು 1911ರ ಗಣತಿಯಿಂದ. ಎರಡೂ ಐರ್ಲೆಂಡ್‌ನ ನ್ಯಾಷನಲ್ ಆರ್ಕೈವ್ಸ್ ವೆಬ್‌ಸೈಟ್‌ನಲ್ಲಿ ಉಚಿತ. ಮನೆಮನೆಯ ಫಾರಂನ ಚಿತ್ರವನ್ನೇ ಮೊಬೈಲ್‌ನಲ್ಲಿ ನೋಡಬಹುದು.

1911ರ ಫಾರಂನಲ್ಲಿ ಮದುವೆಯಾದ ಹೆಂಗಸರಿಗೆ ಮೂರು ಪ್ರಶ್ನೆ ಇತ್ತು. ಮದುವೆಯಾಗಿ ಎಷ್ಟು ವರ್ಷ? ಎಷ್ಟು ಮಕ್ಕಳು ಹುಟ್ಟಿದರು? ಈಗ ಎಷ್ಟು ಜನ ಬದುಕಿದ್ದಾರೆ? ನಮ್ಮ ಅಜ್ಜಿಯ ಸಾಲಿನಲ್ಲಿ 45, 9, 5 ಅಂತ ಬರೆದಿದೆ ಅನ್ನೋಣ. ನಾಲ್ಕು ಮಕ್ಕಳನ್ನು ಕಳ್ಕೊಂಡ ಕಥೆ ಎರಡು ಅಂಕಿಯಲ್ಲಿ ಮುಗಿದುಹೋಗಿದೆ. ಆದ್ರೆ ಆ 45 ನಮಗೊಂದು ದಾರಿ ತೋರಿಸುತ್ತೆ. 1911ರಲ್ಲಿ 45 ಕಳೆದ್ರೆ 1866. ಅಂದ್ರೆ ಮದುವೆ ಆ ವರ್ಷದ ಆಸುಪಾಸಿನಲ್ಲಿ ಆಗಿದೆ.

ಈಗ ಮದುವೆ ದಾಖಲೆಗೆ ಬನ್ನಿ. ಕ್ಯಾಥೊಲಿಕ್ ಅಲ್ಲದವರ ಮದುವೆಗಳ ಸರ್ಕಾರಿ ನೋಂದಣಿ 1845ರಲ್ಲೇ ಶುರುವಾಗಿತ್ತು. 1864ರಿಂದ ಎಲ್ಲರ ಜನನ, ಮರಣ, ಮದುವೆಯೂ ಸೇರಿತು. ಐರಿಷ್ ಜೀನಿಯಾಲಜಿ ಡಾಟ್ ಐಇ ಅನ್ನೋ ಸರ್ಕಾರಿ ತಾಣದಲ್ಲಿ ಇವು ಉಚಿತವಾಗಿ ಸಿಗ್ತವೆ. ವಧು ವರರ ಊರು, ಕಸುಬು, ಇಬ್ಬರ ಅಪ್ಪಂದಿರ ಹೆಸರು, ಸಾಕ್ಷಿಗಳ ಹೆಸರು ಎಲ್ಲ ಇರುತ್ತೆ. ಅಮ್ಮನ ಹೆಸರು ಮಾತ್ರ ಇರಲ್ಲ. ವಯಸ್ಸಿನ ಕಾಲಂನಲ್ಲಿ ಎಷ್ಟೋ ಸಲ "ಫುಲ್ ಏಜ್" ಅಂತಷ್ಟೇ ಇರುತ್ತೆ. ಅದರರ್ಥ 21 ಅಥವಾ ಅದಕ್ಕಿಂತ ಹೆಚ್ಚು.

ಮೂರು ವಿಷಯ ನೆನಪಿಡಿ. ಮದುವೆ ಸಾಮಾನ್ಯವಾಗಿ ಹೆಣ್ಣಿನ ಕಡೆಯ ಚರ್ಚ್‌ನಲ್ಲಿ ನಡೀತಿತ್ತು. ಹಾಗಾಗಿ ಹುಡುಗನ ಊರಲ್ಲಿ ಸಿಗದಿದ್ರೆ ಹುಡುಗಿಯ ಊರಲ್ಲಿ ನೋಡಿ. ಹೆಸರಿನ ಮುಂದಿನ 'ಓ' ಅಥವಾ 'ಮ್ಯಾಕ್' ಒಂದು ಕಡೆ ಇದ್ರೆ ಇನ್ನೊಂದು ಕಡೆ ಇರಲ್ಲ, ಎರಡನ್ನೂ ಹಾಕಿ ಹುಡುಕಿ. ಚರ್ಚ್ ಪುಸ್ತಕ ಲ್ಯಾಟಿನ್‌ನಲ್ಲಿದ್ರೆ ಜೇಮ್ಸ್ ಅಲ್ಲಿ 'ಜಾಕೋಬಸ್' ಆಗಿರ್ತಾನೆ!

ಅಪ್ಪನ ಹೆಸರು, ಊರು ಸಿಕ್ತಾ? ಹಾಗಾದ್ರೆ 1847ರಿಂದ 1864ರ ನಡುವೆ ಆದ ಗ್ರಿಫಿತ್ಸ್ ವ್ಯಾಲ್ಯುಯೇಷನ್ ನೋಡಿ. ತೆರಿಗೆಗಾಗಿ ಮಾಡಿದ ಆಸ್ತಿ ಪಟ್ಟಿ ಅದು. ಯಾವ ಮನೆ, ಯಾವ ಹೊಲ ಯಾರ ಹತ್ತಿರ ಇತ್ತು ಅಂತ ಅದರಲ್ಲಿದೆ. ಗಣತಿ ಇಲ್ಲದ ಕಾಲಕ್ಕೆ ಅದೇ ಆಸರೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಅಜ್ಜಿಗೆ ಹತ್ತು ವರ್ಷದಲ್ಲಿ ಹದಿನೈದು ವರ್ಷ ವಯಸ್ಸಾಗಿದ್ದು ಹೇಗೆ? 1909ರ ಜನವರಿಯಲ್ಲಿ ವೃದ್ಧಾಪ್ಯ ಪಿಂಚಣಿ ಶುರುವಾಯ್ತು. 70 ತುಂಬಿದ ಬಡವರಿಗೆ ವಾರಕ್ಕೆ 5 ಶಿಲ್ಲಿಂಗ್‌ವರೆಗೆ. ಎಲ್ಲರೂ ಸುಳ್ಳು ಹೇಳಿದ್ರು ಅಂತಲ್ಲ, ಎಷ್ಟೋ ಜನಕ್ಕೆ ತಮ್ಮ ಹುಟ್ಟಿದ ವರ್ಷವೇ ಗೊತ್ತಿರಲಿಲ್ಲ. 1864ಕ್ಕೆ ಮುಂಚೆ ಹುಟ್ಟಿದವರಿಗೆ ಸರ್ಕಾರಿ ಜನನ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಅದಕ್ಕೇ ಅವರು ಅಪ್ಪ ಅಮ್ಮನ ಹೆಸರು, ಊರು ಬರೆದು, "1841ರ, 1851ರ ಗಣತಿಯಲ್ಲಿ ನಮ್ಮನೆ ಹುಡುಕಿ" ಅಂತ ಅರ್ಜಿ ಹಾಕಿದ್ರು. ಗುಮಾಸ್ತರು ಹುಡುಕಿ, ಸಿಕ್ಕಿದ್ದನ್ನು ಅರ್ಜಿಯಲ್ಲೇ ಬರೆದ್ರು.

ಆಮೇಲೆ ಆ ಗಣತಿ ಸುಟ್ಟುಹೋಯ್ತು. ಅರ್ಜಿಗಳು ಉಳಿದವು! ಅವೂ ಈಗ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಉಚಿತವಾಗಿ ಸಿಗ್ತವೆ. ಐದು ಶಿಲ್ಲಿಂಗ್‌ಗಾಗಿ ಅಜ್ಜಿ ಹಾಕಿದ ಅರ್ಜಿಯಲ್ಲಿ, ಮದುವೆ ದಾಖಲೆಯಲ್ಲಿ ಇಲ್ಲದ ಅಮ್ಮನ ಹೆಸರು ಉಳ್ಕೊಂಡಿದೆ.

ಹಾಗಾಗಿ ಒಂದೇ ಕಾಗದ ನೋಡಿ ನಂಬಬೇಡಿ, ಸಿಗಲಿಲ್ಲ ಅಂತ ಕೈಬಿಡಲೂಬೇಡಿ. ವಯಸ್ಸು ತಪ್ಪಿರಬಹುದು. ಅಪ್ಪನ ಹೆಸರು, ಊರು, ಸಾಕ್ಷಿ ಮೂರೂ ಹೊಂದಿದ್ರೆ ನೀವು ಸರಿಯಾದ ಮನೆ ಬಾಗಿಲಿಗೇ ಬಂದಿದ್ದೀರಿ.