ಡಬಲ್ ಬಾಸ್ ಕಲಿಯುವವರಿಗೆ ಯಾವ ತಂತಿ ಹಿತ?

ನಿಂತು ನುಡಿಸುವ ದೊಡ್ಡ ಡಬಲ್ ಬಾಸ್ ಕಲಿಯಲು ಹೊರಟ ಕೆಲವರು ಬೆರಳು ನೋವಿನಿಂದ ಅದನ್ನು ಅರ್ಧದಲ್ಲೇ ಬಿಡುತ್ತಾರೆ. ಬೆರಳಿಗೆ ಬಲ ಸಾಲದೆಂದು ನಾವು ಭಾವಿಸುತ್ತೇವೆ. ಆದರೆ ಹಲವು ಬಾರಿ ಕಾರಣ ತಂತಿಯ ಬಿಗಿತ.

ಮುಕ್ಕಾಲು ಅಳತೆಯ ಬಾಸ್‌ನಲ್ಲಿ ನುಡಿಯುವ ತಂತಿಯ ಉದ್ದ ಸುಮಾರು 105 ಸೆಂ.ಮೀ. ಮಧ್ಯಮ ಬಿಗಿತದ ನಾಲ್ಕು ಉಕ್ಕಿನ ತಂತಿಗಳ ಒಟ್ಟು ಎಳೆತ 100 ಕಿಲೋ ಮೀರುತ್ತದೆ. ದಪ್ಪ ತಂತಿಯೆಲ್ಲ ಬಿಗಿಯೆಂದಲ್ಲ; ಕರುಳಿನ ತಂತಿ ದಪ್ಪವಿದ್ದರೂ ಮೃದು. ಒಂದೇ ಉದ್ದ, ಒಂದೇ ಸ್ವರಕ್ಕೆ ತಂತಿಯ ತೂಕ ಇಳಿದಷ್ಟೂ ಬಿಗಿತ ಇಳಿಯುತ್ತದೆ.

ಕೊಳ್ಳುವಾಗ ಹೆಲಿಕೋರ್‌ನಲ್ಲಿ ‘ಲೈಟ್’, ಸ್ಪಿರೊಕೋರ್‌ನಲ್ಲಿ ‘ವೈಶ್’ ಎಂಬ ಗುರುತು ನೋಡಬೇಕು. ‘ವೈಶ್’ ಎಂದರೆ ಜರ್ಮನ್ ಭಾಷೆಯಲ್ಲಿ ಮೃದು. ‘ಸೋಲೋ’ ತಂತಿ ಬೇಡ, ಅದು ಒಂದು ಸ್ವರ ಮೇಲಿನ ಶ್ರುತಿಗೆ ಮಾಡಿದ್ದು.

ಅದಕ್ಕೂ ಮೊದಲು ಬ್ರಿಡ್ಜ್‌ನ ಎತ್ತರವನ್ನು ತಿಳಿದವರಿಂದ ಪರೀಕ್ಷಿಸೋಣ. ಅದು ಹೆಚ್ಚಿದ್ದರೆ ಯಾವ ತಂತಿಯೂ ಹಿತವಾಗದು. ತೀರಾ ತಗ್ಗಿಸಿದರೆ, ಹೆಚ್ಚು ಅಲುಗುವ ಮೃದು ತಂತಿ ಫಿಂಗರ್‌ಬೋರ್ಡಿಗೆ ತಾಗಿ ಝೇಂಕರಿಸುತ್ತದೆ.

ತಂತಿಗಳನ್ನು ಒಂದೊಂದಾಗಿಯೇ ಬದಲಾಯಿಸಬೇಕು. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಬ್ರಿಡ್ಜ್ ಕಳಚುತ್ತದೆ, ಒಳಗಿನ ಸೌಂಡ್ ಪೋಸ್ಟ್ ಕೂಡ ಬೀಳಬಹುದು. ಇಷ್ಟು ಎಚ್ಚರ ವಹಿಸಿದರೆ ಹೊಸಬರ ಉತ್ಸಾಹ ಬೆರಳು ನೋವಿಗೆ ಬಲಿಯಾಗದು.