ಗಡಿಯೂರಿನ ಕೂಸು ಯಾವ ಭಾಷೆಗೆ ಕಿವಿಗೊಡುತ್ತದೆ?

ಮಹಾರಾಷ್ಟ್ರ ಮತ್ತು ಮೈಸೂರು (ಇಂದಿನ ಕರ್ನಾಟಕ) ನಡುವಿನ ಗಡಿ ವಿವಾದ ಬಗೆಹರಿಸಲು 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು. ಬೆಳಗಾವಿ ನಗರ ಮೈಸೂರು ರಾಜ್ಯದಲ್ಲೇ ಉಳಿಯಲಿ, ಪಕ್ಕದ ಖಾನಾಪುರ, ನಂದಗಡ ಮಹಾರಾಷ್ಟ್ರಕ್ಕೆ ಸೇರಲಿ ಎಂಬುದು ಅದರ ಶಿಫಾರಸು. ಅದು ಜಾರಿಗೆ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಗಡಿ ಕಾವೇರಿದಾಗಲೆಲ್ಲ ಬಸ್ಸುಗಳಿಗೆ ಮಸಿ ಬೀಳುತ್ತದೆ. ಭಾಷಾಭಿಮಾನ ರಕ್ತದಲ್ಲೇ ಬಂದದ್ದು ಎನ್ನುವವರು ಎರಡೂ ಕಡೆ ಇದ್ದಾರೆ.

ರಕ್ತದಲ್ಲಿ ನಿಜಕ್ಕೂ ಏನಿದೆ? ರಾಜಕೀಯದ ಬೇರನ್ನು ದೇಹದಲ್ಲಿ ಹುಡುಕುವ ಅಧ್ಯಯನಗಳು ಈಚೆಗೆ ಹೆಚ್ಚಿವೆ. ರಾಜಕೀಯ ಒಲವಿನಲ್ಲಿ ಅನುವಂಶೀಯತೆಗೂ ಪಾಲಿದೆ ಎಂದು 2005ರಲ್ಲಿ ಆಲ್ಫರ್ಡ್, ಫಂಕ್, ಹಿಬ್ಬಿಂಗ್ ಎಂಬ ಸಂಶೋಧಕರು ಅಮೆರಿಕದ ಅವಳಿಗಳನ್ನು ಹೋಲಿಸಿ ಹೇಳಿದರು. ದಿಢೀರ್ ಸದ್ದಿಗೆ ಹೆಚ್ಚು ಬೆಚ್ಚುವವರು ದೇಶರಕ್ಷಣೆಯ ಬಿಗಿ ನೀತಿಗಳತ್ತ ವಾಲುತ್ತಾರೆ ಎಂದಿತು 2008ರ ಇನ್ನೊಂದು ಪ್ರಯೋಗ. ಬೆದರಿಕೆಗೆ ದೇಹ ತೋರುವ ಪ್ರತಿಕ್ರಿಯೆಗೂ ರಾಜಕೀಯ ನಿಲುವಿಗೂ ಇರುವ ಈ ನಂಟನ್ನು ಹೆಚ್ಚು ಜನರ ಮೇಲೆ ಪರೀಕ್ಷಿಸಿದಾಗ ಅದು ಸಿಗಲಿಲ್ಲ. 2020ರಲ್ಲಿ ಆ ವರದಿ ಬಂತು. ಇಂಥ ಸುದ್ದಿಯನ್ನು ನಂಬಲು ಅವಸರ ಮಾಡಬಾರದು.

ಗಡಿಭಾಗದವರು ಗಮನಿಸಬೇಕಾದದ್ದು ಹಸುಗೂಸುಗಳ ಮೇಲಿನ ಸಂಶೋಧನೆ. 2007ರಲ್ಲಿ ಕಿನ್ಜ್ಲರ್ ಮತ್ತು ಸಂಗಡಿಗರು ಅಮೆರಿಕ, ಫ್ರಾನ್ಸಿನ ಹತ್ತು ತಿಂಗಳ ಮಕ್ಕಳಿಗೆ ಇಂಗ್ಲಿಷ್, ಫ್ರೆಂಚ್ ಮಾತಾಡುವ ಇಬ್ಬರನ್ನು ತೆರೆಯ ಮೇಲೆ ತೋರಿಸಿದರು. ಆಮೇಲೆ ಇಬ್ಬರೂ ಮಾತಿಲ್ಲದೆ ಒಂದೇ ಬಗೆಯ ಆಟಿಕೆ ನೀಡಿದರು. ಮಕ್ಕಳು ಹೆಚ್ಚಾಗಿ ತಮ್ಮ ಮನೆಮಾತಿನವರ ಕಡೆಗೇ ಕೈಚಾಚಿದವು. ಮಾತು ಬಾರದ ವಯಸ್ಸಿನಲ್ಲೇ ‘ನಮ್ಮವರು’ ಎಂಬ ಎಣಿಕೆ ಶುರುವಾಗಿರುತ್ತದೆ!

ಹಾಗಾದರೆ ರಕ್ತದ ಮಾತೇ ಗೆದ್ದಿತೆ? ಇಲ್ಲ. 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ನವಜಾತ ಶಿಶುಗಳ ಬಾಯಿಗೆ ಚೀಪುವ ರಬ್ಬರ್ ತೊಟ್ಟು ಇಟ್ಟು ಇಂಗ್ಲಿಷನ್ನೂ ಫಿಲಿಪೈನ್ಸಿನ ಟಗಲಾಗ್ ಭಾಷೆಯನ್ನೂ ಕೇಳಿಸಿದರು. ಆಸಕ್ತಿ ಹೆಚ್ಚಿದಷ್ಟೂ ಕೂಸು ಜೋರಾಗಿ ಚೀಪುತ್ತದೆ. ಇಂಗ್ಲಿಷ್ ಮಾತ್ರ ಆಡಿದ ತಾಯಂದಿರ ಕೂಸುಗಳು ಇಂಗ್ಲಿಷಿಗೆ ಹೆಚ್ಚು ಒಲಿದವು. ಬಸುರಿನಲ್ಲಿ ಎರಡೂ ಭಾಷೆ ಆಡಿದವರ ಕೂಸುಗಳು ಎರಡಕ್ಕೂ ಒಲಿದವು. ವ್ಯತ್ಯಾಸ ತಿಳಿಯದೆ ಅಲ್ಲ. ಎರಡೂ ಬೇರೆ ಭಾಷೆಗಳೆಂದು ಅವು ಗುರುತಿಸಬಲ್ಲವು ಎಂಬುದೂ ಖಚಿತವಾಯಿತು.

ಕಾರಣ ಸರಳ. ಕೊನೆಯ ತಿಂಗಳುಗಳಲ್ಲಿ ಭ್ರೂಣಕ್ಕೆ ಕಿವಿ ಕೇಳುತ್ತದೆ. ಪದಗಳ ಅಂಚು ಮಸುಕಾದರೂ ತಾಯಿಯ ದನಿಯ ಏರಿಳಿತ, ಲಯ ಒಳಗೆ ಮುಟ್ಟುತ್ತವೆ. ನಮ್ಮವರನ್ನು ಗುರುತಿಸುವ ಹಂಬಲ ಹುಟ್ಟಿನದಿರಬಹುದು, ‘ನಮ್ಮವರು’ ಯಾರೆಂಬುದು ಕೇಳಿ ಕಲಿತದ್ದು.

ಇದನ್ನು ಓದಿದಾಗ ಖಾನಾಪುರದ ಕಡೆಯ ಮನೆಗಳು ನೆನಪಾಗುತ್ತವೆ. ಬಸುರಿ ಅತ್ತೆಗೆ ಮರಾಠಿಯಲ್ಲಿ ಓಗೊಡುತ್ತಾಳೆ, ತವರಿಗೆ ಫೋನು ಹಚ್ಚಿ ಕನ್ನಡದಲ್ಲಿ ಮಾತಾಡುತ್ತಾಳೆ. ಒಳಗಿನ ಕೂಸಿಗೆ ಎರಡೂ ಅವ್ವನ ದನಿಯೇ.